ಉಣ್ಣಿಸಿದ ತಪ್ಪಿಗೆ

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಹೊಸದುರ್ಗದ ಮರುಳಸಿದ್ದಮ್ಮನವರ ಮನೆಯ ಹಿತ್ತಲಲ್ಲಿ ಹಂಡೆಯ ಕೆಳಗೆ ತೊಗರಿಕಟ್ಟಿಗೆ ಚಟಪಟ ಉರಿಯುತ್ತಿದೆ. ಬಚ್ಚಲ ಕಲ್ಲಿನ ಮೇಲೆ ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಎರಡೂ ಕಾಲು ಚಾಚಿ ಸುವಾರ್ತಮ್ಮ ಕುಳಿತಿದ್ದಾರೆ. ಆ ಕಾಲುಗಳ ಮೇಲೆ ಮರುಳಸಿದ್ದಮ್ಮನವರ ಮೊಮ್ಮಗ, ಹುಟ್ಟಿ ಎರಡು ವಾರವಾದ ಗಂಡುಕೂಸು, ಬೋರಲು ಮಲಗಿದೆ. ಮೈಗೆಲ್ಲ ಹರಳೆಣ್ಣೆ. ಸುವಾರ್ತಮ್ಮ ನೀರನ್ನು ಮೊದಲು ತಮ್ಮ ಮೊಣಕೈ ಮೇಲೆ ಹುಯ್ದು ನೋಡುತ್ತಾರೆ, ಆಮೇಲೆ ಕೂಸಿನ ಬೆನ್ನಿಗೆ. ಕೂಸು ಓಣಿಗೆಲ್ಲ ಕೇಳುವಂತೆ ಚೀರುತ್ತದೆ. ಅವರು ಹುಯ್ಯುವ ಕೈ ನಿಲ್ಲಿಸದೆ ಬಾಯಲ್ಲೇ ಏನೋ ಹೇಳಿಕೊಳ್ಳುತ್ತಾರೆ. ಹತ್ತಿರ ಹೋಗಿ ಕಿವಿಗೊಟ್ಟರೆ ಪ್ರಾರ್ಥನೆ.

"ಸ್ವಾಮೀ, ಈ ಕೂಸಿಗೆ ಆಯಸ್ಸು ಕೊಡು. ಇದರವ್ವಗೆ ಹಾಲು ಕೊಡು. ನನಗೆ ಬುದ್ಧಿ ಕೊಡು."

ಮರುಳಸಿದ್ದಮ್ಮ ಹಣೆಯ ಮೇಲಿನ ವಿಭೂತಿಯನ್ನು ಸರಿಮಾಡಿಕೊಳ್ಳುತ್ತಾ ನನ್ನ ಕಡೆ ತಿರುಗಿ ನಗುತ್ತಾರೆ. "ಅವ್ರ ದೇವ್ರಿಗೆ ಹೇಳ್ಕಳ್ಳಿ ಬಿಡ್ರಿ. ನಮ್ಮ ಕೂಸಿಗೆ ತಾನೆ ಕೇಳ್ತಿರೋದು."

ಕೂಸಿಗೆ ಸಾಂಬ್ರಾಣಿ ಹೊಗೆ ಹಿಡಿದು, ಬಟ್ಟೆ ಸುತ್ತಿ, ತಾಯಿಯ ಮಗ್ಗುಲಲ್ಲಿ ಮಲಗಿಸುತ್ತಾರೆ. ಆಮೇಲೆ ಬಾಣಂತಿಗೆ ನೀರು. ಅದೆಲ್ಲ ಮುಗಿದ ಮೇಲೆ ಅವರಿಗೊಂದು ಲೋಟ ಕಾಫಿ ಬರುತ್ತದೆ. ಆ ಲೋಟ ಹಿತ್ತಲ ಗೋಡೆಯ ಗೂಡಿನಲ್ಲಿರುವ ಬೇರೆಯದೇ ಲೋಟ. ಕುಡಿದ ಮೇಲೆ ತಾವೇ ತೊಳೆದು ಅಲ್ಲೇ ಬೋರಲು ಹಾಕುತ್ತಾರೆ. ಮನೆಯ ವಂಶದ ಕುಡಿಯನ್ನು ಮೈತುಂಬ ಮುಟ್ಟಿ ತೊಳೆಯಬಹುದು, ಅದೇ ಕೈ ಮುಟ್ಟಿದ ಲೋಟ ಮಾತ್ರ ಒಳಗೆ ಹೋಗಬಾರದು! ಪತ್ರಿಕೆಗೆ ಬರೆಯಲೆಂದು ಬಂದಿದ್ದ ನಾನು, ಸಿಟ್ಟು ಬರುವುದಿಲ್ಲವೇ ಎಂದು ಸುವಾರ್ತಮ್ಮನವರನ್ನು ಕೇಳಿದೆ.

"ಬರ್ತೈತ್ರಿ. ಬರದೇ ಇರಾಕೆ ನಾನೇನು ಕಲ್ಲಾ? ಆದ್ರೆ ಕೂಸು ಕಾಲ ಮ್ಯಾಲೆ ಇದ್ದಾಗ ಸಿಟ್ಟು ಮಾಡ್ಕಂಡ್ರೆ ಕೈ ನಡುಗ್ತೈತೆ."

ಐವತ್ತು ದಾಟಿದ ಈ ಹೆಂಗಸು ದಿನಕ್ಕೆ ನಾಲ್ಕೈದು ಮನೆಗಳಲ್ಲಿ ಬಾಣಂತಿಗೆ, ಕೂಸಿಗೆ ನೀರು ಹಾಕುತ್ತಾರೆ. ಎರಡು ವರ್ಷದ ಕೆಳಗೆ ಅವರಿಗೆ ಬೇರೆ ಕೆಲಸವಿತ್ತು. ನಮ್ಮ ಜಿಲ್ಲೆಯದೇ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಅವರು ಹೆರಿಗೆ ವಾರ್ಡಿನ ಆಯಾ. ಆಸ್ಪತ್ರೆಯ ಹೆಸರು ಬರೆಯಬೇಡಿ ಎಂದು ಕೇಳಿಕೊಂಡಿದ್ದಾರೆ. ಬರೆಯುವುದಿಲ್ಲ. ಆದರೆ ಅಲ್ಲಿ ನಡೆದದ್ದನ್ನು ಬರೆಯದೆ ಬಿಟ್ಟರೆ ನನಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ.

ಸುವಾರ್ತಮ್ಮ ಹಿರಿಯೂರು ಸೀಮೆಯವರು. ಅಪ್ಪ ಊರಾಚೆಯ ಕೇರಿಯಲ್ಲಿ ಹುಟ್ಟಿ, ಬೆಳೆದ ಮೇಲೆ ಕ್ರೈಸ್ತ ಸಭೆಗೆ ಸೇರಿದವರು. ಸೇರಿದ ಮೇಲೂ ಊರು ಅವರನ್ನು ಹಳೆಯ ಜಾತಿಯ ಹೆಸರು ಹಿಡಿದೇ ಕರೆಯಿತು. ಮಗಳು ಮಿಷನ್ ಹಾಸ್ಟೆಲಿನಲ್ಲಿ ಕೆಲವು ವರ್ಷ ಓದಿದರು. ಅಲ್ಲಿ ಅಕ್ಷರಕ್ಕಿಂತ ಹೆಚ್ಚಾಗಿ ಮನಸ್ಸಿನಲ್ಲಿ ಉಳಿದದ್ದು ಹಾಸ್ಟೆಲಿನ ಅಮ್ಮನವರು ಹೇಳಿದ ಒಂದು ಮಾತು. "ಏನು ಮಾಡ್ಬೇಕು ಅಂತ ತಿಳೀದಿದ್ರೆ ದೇವ್ರನ್ನ ಕೇಳು, ಇಷ್ಟೂ ತಿಳಿಯಲ್ವಾ ಅಂತ ಆತ ಬೈಯಲ್ಲ ಅನ್ನೋರು. ಬೇರೆ ಯಾರನ್ನ ಕೇಳಿದ್ರೂ ಬೈತಿದ್ರಲ್ಲ, ಅದಕ್ಕೆ ಅವನನ್ನೇ ಕೇಳೋದು ರೂಢಿ ಆತು," ಎಂದು ನಗುತ್ತಾರೆ.

ಮದುವೆಯಾಯಿತು. ಗಾರೆ ಕೆಲಸದ ಗಂಡ ಸಾರುವೆಯಿಂದ ಬಿದ್ದು ತೀರಿಹೋದ. ಇದ್ದ ಒಬ್ಬ ಮಗಳನ್ನು ಸಾಕಲು ಆಸ್ಪತ್ರೆಗೆ ದಿನಗೂಲಿಯಾಗಿ ಸೇರಿದರು. ರಕ್ತದ ಬಟ್ಟೆ ಒಗೆಯುವುದು, ವಾರ್ಡು ತೊಳೆಯುವುದು, ನೋವು ತಿನ್ನುತ್ತಿರುವವರ ಸೊಂಟ ಒತ್ತುವುದು. ಮಗಳು ಬೆಳೆದು ಮದುವೆಯಾಗಿ ಹೊಸದುರ್ಗಕ್ಕೆ ಬಂದಳು. ತಾಯಿ ಮಾತ್ರ ಅಲ್ಲೇ, ಅದೇ ದಿನಗೂಲಿಯಲ್ಲೇ ಉಳಿದರು. ಅಷ್ಟು ವರ್ಷವಾದರೂ ಅವರನ್ನು ಕಾಯಂ ಮಾಡಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಆಮೇಲೆ ತುರ್ತು ಪರಿಸ್ಥಿತಿ ಬಂತು. ಎಪ್ಪತ್ತಾರನೆಯ ಇಸವಿಯಲ್ಲಿ ಮೇಷ್ಟ್ರಿಂದ ಹಿಡಿದು ನೀರುಗಂಟಿಯವರೆಗೆ ಎಲ್ಲರಿಗೂ ಇಷ್ಟಿಷ್ಟು 'ಕೇಸು' ತರಬೇಕೆಂಬ ಹುಕುಂ ಆದದ್ದು ಓದುಗರಿಗೆ ಮರೆತಿರಲಾರದು. ಕೇಸು ಎಂದರೆ ಮಕ್ಕಳಾಗದಂತೆ ಆಪರೇಷನ್‌ಗೆ ಒಪ್ಪಿ ಬಂದ ಮನುಷ್ಯ. ಒಪ್ಪದೆ ಬಂದರೂ ಕೇಸೇ. ಆ ಆಸ್ಪತ್ರೆಯಲ್ಲಿ ಆ ವರ್ಷ ಹೆಂಗಸರಿಗೆಂದು ಒಂದು ದಿನದ ಕ್ಯಾಂಪ್ ನಡೆಯಿತು. ಆಪರೇಷನ್ ಮಾಡುವ ಡಾಕ್ಟರು ಬೆಳಿಗ್ಗೆ ಹೊರಗಿನಿಂದ ಬಂದು ಸಂಜೆಗೆ ವಾಪಸಾಗುವವರು. ಹಳ್ಳಿಗಳಿಂದ ಜೀಪಿನಲ್ಲಿ ಹೆಂಗಸರನ್ನು ತಂದು ವರಾಂಡದಲ್ಲಿ ಸಾಲಾಗಿ ಕೂರಿಸಿದ್ದರು.

"ಒಪ್ಪಿ ಬಂದೋರೂ ಇದ್ರು. ನಾಲ್ಕು ಮಕ್ಳಾಗ್ಯಾವೆ, ಇನ್ನು ಸಾಕಮ್ಮ ಅಂತ ಬಂದೋರು. ಅವ್ರಿಗೆ ನಾನೇ ಗೌನು ತೊಡಿಸ್ದೆ, ಕೈ ಹಿಡಿದು ಧೈರ್ಯ ಹೇಳ್ದೆ. ಆಪರೇಷನ್ ಕೆಟ್ಟದ್ದು ಅಂತ ನಾನು ಯಾವತ್ತೂ ಅಂದಿಲ್ಲ. ಕೇಳದಂಗೆ ಮಾಡೋದು ಕೆಟ್ಟದ್ದು."

ಸಾಲಿನ ಕೊನೆಯಲ್ಲಿ ಹುಲಿಗೆಮ್ಮ ಎಂಬ ಹುಡುಗಿ ಕುಳಿತಿದ್ದಳು. ತೊಡೆಯ ಮೇಲೆ ಎಳೆಗೂಸು. ಕೂಸಿಗೆ ಜ್ವರ, ಕೆಮ್ಮು. ಯಾತಕ್ಕೆ ಬಂದೆ ತಾಯಿ ಎಂದು ಸುವಾರ್ತಮ್ಮ ಕೇಳಿದರು. ಕೂಸಿಗೆ ಸೂಜಿಮದ್ದು ಹಾಕಿಸಿಕೊಡುತ್ತೇವೆ ಎಂದು ಜೀಪ್ ಹತ್ತಿಸಿದರು, ನಿನ್ನೆ ರಾತ್ರಿಯಿಂದ ಏನೂ ತಿನ್ನಬೇಡ ಎಂದಿದ್ದಾರೆ ಎಂದಳು ಹುಲಿಗೆಮ್ಮ. ಕೂಸಿಗೆ ಸೂಜಿ ಹಾಕಲು ತಾಯಿ ಯಾಕೆ ಉಪವಾಸವಿರಬೇಕು ಎಂಬುದು ಆ ಹುಡುಗಿಗೆ ಹೊಳೆದಿರಲಿಲ್ಲ. ಅವಳಿಗೆ ಅದೊಂದೇ ಕೂಸು, ಚೊಚ್ಚಲು.

ಸುವಾರ್ತಮ್ಮ ನೇರವಾಗಿ ಹೆಲ್ತ್ ಇನ್‌ಸ್ಪೆಕ್ಟರ ಹತ್ತಿರ ಹೋದರು. ಆತನ ಲೆಕ್ಕಕ್ಕೆ ಅವತ್ತು ಒಂದು ಕೇಸು ಕಡಿಮೆಯಿತ್ತು.

"ಸಾರ್, ಆ ಹುಡುಗಿಗೆ ಒಂದೇ ಕೂಸು. ಯಾತಕ್ಕೆ ಕರ್ಕಂಡ್ ಬಂದಾರೆ ಅಂತಾನೂ ಗೊತ್ತಿಲ್ಲ."

"ಮೂರು ಅಂತ ಬರೆದೈತೆ. ನಿನ್ ಕೆಲಸ ನೋಡ್ಕ ಹೋಗು."

"ನೀವೇ ಬಂದು ಒಂದು ಮಾತು ಕೇಳ್ರಿ ಸಾರ್."

"ಲೇ, ಕಸ ಹೊಡೆಯೋಳು ನೀನು. ನನಗೆ ಹೇಳಿಕೊಡ್ತೀಯಾ?"

ಆಗ ಸುವಾರ್ತಮ್ಮ ಕೂಗಾಡಿದ್ದು ನಿಜ. ನೀನು ಮನುಷ್ಯನೋ ಪಿಶಾಚಿಯೋ, ನಿನ್ನ ಮನೆ ಹಾಳಾಗ ಎಂದುಬಿಟ್ಟರು. ಆತ ನಕ್ಕು, ಇನ್ನೊಂದು ಮಾತಾಡಿದರೆ ಪೊಲೀಸರನ್ನು ಕರೆಸುವುದಾಗಿ ಹೇಳಿ ಹೋದ. ಗೇಟಿನಲ್ಲಿ ಅವನ ಜನ ಕುಳಿತಿದ್ದರು. ಬಂದವರು ಯಾರೂ ಆಪರೇಷನ್ ಆಗದೆ ಆಚೆ ಹೋಗುವಂತಿರಲಿಲ್ಲ.

ಮುಂದಿನದನ್ನು ಅವರ ಮಾತಿನಲ್ಲೇ ಕೇಳಬೇಕು. "ಬಟ್ಟೆ ಒಗೆಯೋ ರೂಮಿಗೆ ಹೋಗಿ ಬಾಗಿಲು ಹಾಕ್ಕಂಡೆ. ಮೊಣಕಾಲೂರಿದೆ. ಧೈರ್ಯ ಕೊಡು ಅಂತ ಕೇಳ್ಲಿಲ್ರಿ. ಧೈರ್ಯ ಇನ್ನೊಂಚೂರು ಇದ್ದಿದ್ರೆ ಆವಯ್ಯನ ಕೊಳಪಟ್ಟಿ ಹಿಡೀತಿದ್ದೆ, ಅವ್ರು ನನ್ನ ಆಚೆ ದಬ್ಬಿ ಆ ಹುಡುಗೀನ ಒಳಾಕೆ ಒಯ್ತಿದ್ರು. ಬುದ್ಧಿ ಕೊಡಪ್ಪಾ ಅಂದೆ. ಅವಳಿಗೆ ಜ್ವರ ಐತೆ ಅಂತ ಒಂದು ಸುಳ್ಳು ಹೇಳಾಣ ಅನ್ನಿಸ್ತು. ಮೂರು ಮಕ್ಳು ಅಂತ ಅವ್ರು ಬರೆದದ್ದೂ ಸುಳ್ಳೇ ಅಲ್ವಾ, ನಾನೂ ಅದನ್ನೇ ಮಾಡದಾ ಅಂತ ಮನಸ್ಸು ಒಪ್ಪಲಿಲ್ಲ. ಅಷ್ಟೊತ್ತಿಗೆ ಆಚೆ ಕೂಸು ಅತ್ತಂಗಾತು."

ಬಾಗಿಲು ತೆಗೆದು ನೋಡಿದರೆ ಹುಲಿಗೆಮ್ಮ ಕೂಸಿಗೆ ಮೊಲೆ ಕೊಡುತ್ತಿದ್ದಳು. ಕೂಸು ಚೀಪಿ ಚೀಪಿ ಬಾಯಿ ಬಿಟ್ಟು ಅಳುತ್ತಿತ್ತು. ಹಸಿದ ತಾಯಿಯಲ್ಲಿ ಹಾಲಿಲ್ಲ.

ಹೊಟ್ಟೆಗೆ ತಿಂದವರಿಗೆ ಅವತ್ತು ಆಪರೇಷನ್ ಮಾಡುವಂತಿಲ್ಲ. ಇದು ಆ ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಸುವಾರ್ತಮ್ಮ ತಮ್ಮ ಮಧ್ಯಾಹ್ನದ ಬುತ್ತಿ ತಂದು, ವರಾಂಡದಲ್ಲಿ ಎಲ್ಲರ ಎದುರಿಗೇ ಬಿಚ್ಚಿದರು. ರಾಗಿಮುದ್ದೆ, ಹುರುಳಿಕಾಳಿನ ಸಾರು. ನಿನ್ನನ್ನು ಕರೆತಂದಿರುವುದು ಇಂಥದಕ್ಕೆ, ಬೇಕಿದ್ದರೆ ಇರು, ಬೇಡದಿದ್ದರೆ ಉಣ್ಣು ಎಂದು ಸ್ಪಷ್ಟವಾಗಿ ಹೇಳಿದರು. ಹುಲಿಗೆಮ್ಮ ಒಂದು ಗಳಿಗೆ ಅವರ ಮುಖ ನೋಡಿದಳು. ಆಮೇಲೆ ಮುದ್ದೆಗೆ ಕೈ ಹಾಕಿದಳು.

ಡಾಕ್ಟರು ಹೊರಗೆ ಬಂದು ಇವಳಿಗೆ ಊಟ ಕೊಟ್ಟವರು ಯಾರು ಎಂದು ಗದರಿದರು. "ನಾನೇ ಸಾರ್, ಹಸಿದಿದ್ಲು, ಮೊಲೆ ಕುಡಿಯೋ ಕೂಸೈತೆ," ಎಂದರು ಸುವಾರ್ತಮ್ಮ. ಡಾಕ್ಟರು ಇನ್‌ಸ್ಪೆಕ್ಟರ ಮುಖ ನೋಡಿ ಒಳಗೆ ಹೋದರು. ಕೇಸಿಗೆ ಬಾರದ ಹುಡುಗಿಯನ್ನು ಹಿಡಿದಿಟ್ಟು ಏನು ಮಾಡುತ್ತಾರೆ? ಗೇಟಿನವರು ಬಿಟ್ಟರು. ಹುಲಿಗೆಮ್ಮ ಕೂಸನ್ನೆತ್ತಿಕೊಂಡು ಬಸ್ ಹತ್ತಿದಳು. ಕೂಸಿಗೆ ಕೊಡಿಸುತ್ತೇವೆಂದಿದ್ದ ಸೂಜಿಮದ್ದನ್ನು ಮಾತ್ರ ಯಾರೂ ಕೊಡಲಿಲ್ಲ. ಅದು ಯಾರ ಲೆಕ್ಕಕ್ಕೂ ಸೇರುತ್ತಿರಲಿಲ್ಲವಲ್ಲ!

ಮರುದಿನ ಸುವಾರ್ತಮ್ಮನವರನ್ನು ಗೇಟಿನಿಂದಲೇ ವಾಪಸು ಕಳಿಸಿದರು. ಇನ್ನು ಬರಬೇಡ ಎಂಬ ಒಂದೇ ಮಾತು. ದಿನಗೂಲಿಯವರಿಗೆ ಕಾರಣ ಹೇಳುವ ಪದ್ಧತಿ ಇಲ್ಲ.

ಸರ್ಕಾರದಿಂದ ಇದನ್ನು ನಿರೀಕ್ಷಿಸಬಹುದು. ಆದರೆ ಅವರ ಸಭೆಯ ಹಿರಿಯರು ಮಾಡಿದ್ದೇನು? ಅದೇ ವಾರ ಇಬ್ಬರು ಮನೆಗೆ ಬಂದು, ಅಧಿಕಾರದಲ್ಲಿರುವವರನ್ನು ದೇವರೇ ಇಟ್ಟಿರುತ್ತಾನೆ, ಅವರಿಗೆ ತಗ್ಗಿ ನಡೆಯುವುದು ಕ್ರೈಸ್ತರ ಧರ್ಮ, ನಿನ್ನಿಂದ ಸಭೆಗೆ ಕೆಟ್ಟ ಹೆಸರು ಎಂದು ಬುದ್ಧಿ ಹೇಳಿ ಹೋದರು. ಪಾದ್ರಿ ಅಯ್ಯನವರು ಬಾಯಿ ಬಿಡಲಿಲ್ಲ. ಮರುವರ್ಷ ಚುನಾವಣೆಯಾಗಿ ಗಾಳಿ ತಿರುಗಿದ ಕೂಡಲೇ ಅದೇ ಇಬ್ಬರಲ್ಲಿ ಒಬ್ಬರು ಚರ್ಚಿನಲ್ಲಿ ಎದ್ದು ನಿಂತು, ಆ ಕಷ್ಟಕಾಲದಲ್ಲಿ ನಮ್ಮ ಸಭೆಯ ಸೋದರಿಯೊಬ್ಬಳು ಅನ್ಯಾಯಕ್ಕೆ ಎದುರು ನಿಂತಳು ಎಂದು ಸಾಕ್ಷಿ ಹೇಳಿದರಂತೆ. ಆ ಸೋದರಿ ಅಷ್ಟರಲ್ಲಿ ಹೊಟ್ಟೆಪಾಡಿಗೆ ಊರು ಬಿಟ್ಟು, ಮಗಳ ಆಸರೆಗೆ ಹೊಸದುರ್ಗ ಸೇರಿ ಕಂಡವರ ಹಿತ್ತಲಲ್ಲಿ ಒಲೆ ಊದುತ್ತಿದ್ದರು.

ನಾನು ಹುಲಿಗೆಮ್ಮನನ್ನು ಹುಡುಕಿಕೊಂಡು ಹೋದೆ. ಕ್ಯಾಂಪಿನ ಹೊತ್ತಿಗೆ ಅವಳು ತವರಿನಲ್ಲಿದ್ದಳು. ಈಗ ಮಾಡದಕೆರೆ ಹತ್ತಿರದ ಗಂಡನ ಊರಿನಲ್ಲಿದ್ದಾಳೆ. ಜಗಲಿಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದವಳು, ಬರ್ರಿ, ಕುಂತ್ಕಳ್ರಿ ಎಂದು ಚಾಪೆ ಹಾಸಿದಳು. ವಿಷಯ ಹೇಳಿದಾಗ ಕೈ ನಿಂತಿತು.

"ಆ ಕೂಸು ಉಳೀಲಿಲ್ರಿ. ಅಲ್ಲಿಂದ ಬಂದ ತಿಂಗಳೊಳಗೆ ಹೋತು. ಕೆಮ್ಮು ನಿಲ್ಲಲೇ ಇಲ್ಲ." ಒಳಗೆ ತೊಟ್ಟಿಲ ಕಡೆ ಕೈ ತೋರಿದಳು. "ಇದು ಹೋದ ವರ್ಷ ಹುಟ್ಟಿದ್ದು. ಹೆಣ್ಣು. ಅವತ್ತು ಆಯಮ್ಮ ಮುದ್ದೆ ಕೊಡದಿದ್ರೆ ನನ್ನ ಮಡ್ಲು ಹಂಗೇ ಬರಿದಾಗಿರ್ತಿತ್ತು. ನಮ್ಮತ್ತೆ ನನ್ನ ಮನೇಲಿ ಇಟ್ಕಂತಿದ್ರಾ? ಆಯಮ್ಮನ ಹೆಸರೂ ನಂಗೆ ಗೊತ್ತಿರ್ಲಿಲ್ಲ."

ಹೊಸದುರ್ಗಕ್ಕೆ ಮರಳಿ ಇದನ್ನು ಹೇಳಿದಾಗ ಸುವಾರ್ತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಮೊದಲ ಕೂಸು ಸತ್ತದ್ದು ಅವರಿಗೆ ತಿಳಿದಿರಲಿಲ್ಲ. "ಅವತ್ತು ಒಂದು ಸೂಜಿ ಹಾಕಿಸಿ ಕಳಿಸ್ಬೇಕಿತ್ತು. ಅದನ್ನೂ ಕೇಳ್ಬೇಕಿತ್ತು ನಾನು," ಎಂದರು. ಮುಂದೆ ಹೀಗಾಗುತ್ತದೆಂದು ದೇವರು ತಿಳಿಸಿದ್ದನೇ ಎಂದರೆ ಇಲ್ಲವೆಂದು ತಲೆಯಾಡಿಸಿದರು. "ಮುಂದಿಂದು ನನಗೆಲ್ಲಿ ಗೊತ್ತು? ಅವತ್ತು ಅವಳು ಹಸಿದಿದ್ಲು ಅನ್ನೋದಷ್ಟೇ ಗೊತ್ತಾಗಿದ್ದು."

ಹೋದ ತಿಂಗಳು ಒಂದು ಬೆಳವಣಿಗೆಯಾಯಿತು. ಆ ಇನ್‌ಸ್ಪೆಕ್ಟರು ಈಗ ಬಡ್ತಿ ಪಡೆದು ಚಿತ್ರದುರ್ಗದಲ್ಲಿ ಕುಳಿತಿದ್ದಾರೆ. ಅವರ ಎದುರು ಬಂದು ತಪ್ಪಾಯಿತು ಎಂದುಬಿಟ್ಟರೆ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುತ್ತಾರಂತೆ ಎಂದು ಯಾರೋ ಹೇಳಿ ಕಳಿಸಿದರು. ಒಂದು ಮಾತು ತಾನೆ, ಅಂದುಬಿಡು ಎಂದಳು ಮಗಳು. ಸುವಾರ್ತಮ್ಮ ಆ ವಾರವೆಲ್ಲ ಪ್ರಾರ್ಥನೆ ಮಾಡಿ, ಹೊಳಲ್ಕೆರೆ ಮೇಲಿನ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಹೋದರು. ಮಧ್ಯಾಹ್ನದವರೆಗೆ ಬಾಗಿಲಲ್ಲಿ ನಿಲ್ಲಿಸಿ ಒಳಗೆ ಕರೆದರು.

"ಅವತ್ತು ನಿಮ್ಮನ್ನ ಪಿಶಾಚಿ ಅಂದೆ, ಮನೆ ಹಾಳಾಗ ಅಂದೆ. ಅದು ತಪ್ಪು. ಕ್ಷಮಿಸ್ರಿ ಅಂದೆ. ಆವಯ್ಯಗೆ ಖುಷಿ ಆತು. ಊಟ ಕೊಟ್ಟಿದ್ದೂ ತಪ್ಪು ಅನ್ನು ಅಂದ್ರು. ಅದು ತಪ್ಪಲ್ಲ ಸಾರ್, ಅದಕ್ಕೆ ಕ್ಷಮೆ ಕೇಳಾಕೆ ಬರಲ್ಲ ಅಂದೆ."

ಹೊರಗೆ ಹೋಗು ಎಂದರಂತೆ. ಬಂದರು.

ನಾನೂ ಆ ಕಚೇರಿಗೆ ಹೋಗಿದ್ದೆ. ಸಾಹೇಬರು ಕುರ್ಚಿ ಕೊಟ್ಟು, ಟೀ ತರಿಸಿದರು. "ಅದೆಲ್ಲ ಹಳೇದು ಸಾರ್. ಆಗಿನ ಕಾಲ ಹಾಗಿತ್ತು, ನಾವೂ ಹುಕುಂ ಪಾಲಿಸಿದ್ವಿ. ಒಬ್ಬ ಆಯಾ ವಿಷಯಕ್ಕೆ ಪೇಪರಿನೋರು ಇಷ್ಟು ದೂರ ಬರೋದಾ?" ಎಂದು ನಕ್ಕರು. ಹುಲಿಗೆಮ್ಮ ಎಂಬ ಹೆಸರು ಅವರಿಗೆ ನೆನಪಾಗಲಿಲ್ಲ. ನಾನು ಟೀ ಕುಡಿಯದೆ ಎದ್ದು ಬಂದೆ. ಅದರಿಂದ ಅವರಿಗೇನೂ ನಷ್ಟವಾಗಲಿಲ್ಲ ಎಂಬುದೂ ನನಗೆ ಗೊತ್ತು.

ಕಾಲ ಹಾಗಿತ್ತೇ? ಅದೇ ಕಾಲದಲ್ಲಿ, ಅದೇ ವರಾಂಡದಲ್ಲಿ ಒಬ್ಬ ಹೆಂಗಸು ಬೇರೆ ಥರ ನಡೆದುಕೊಂಡಿದ್ದಳಲ್ಲ. ತಮ್ಮ ತಪ್ಪನ್ನು ಕಾಲದ ಮೇಲೆ ಹೇರಿದವರಿಗೆ ಬಡ್ತಿ ಸಿಕ್ಕಿದೆ. ಅವಳಿಗೆ ಸಿಕ್ಕಿದ್ದು ಗೋಡೆ ಗೂಡಿನ ಲೋಟ.

ಈಗ ಕೆಲಸಕ್ಕೆ ಕರೆದರೆ ಹೋಗುತ್ತೀರಾ ಎಂದು ಕೊನೆಯಲ್ಲಿ ಕೇಳಿದೆ. ಸುವಾರ್ತಮ್ಮ ಮುಂದಿನ ಮನೆಗೆ ಹೊರಟು ನಿಂತಿದ್ದರು.

"ಕರೆದ್ರೆ ಹೋಗ್ತೀನ್ರಿ. ಆ ವಾರ್ಡಿನ ಆಚೆ ಒಂದು ಬೆಂಚು ಹಾಕ್ಸಿ ಅಂತ ಕೇಳ್ತೀನಿ. ಹೆರಿಗೆಗೆ ಬಂದೋರ ಅವ್ವಂದಿರು ರಾತ್ರಿಯೆಲ್ಲ ನೆಲದ ಮ್ಯಾಲೆ ಕುಂತಿರ್ತಾರೆ, ಪಾಪ." ನಾಲ್ಕು ಹೆಜ್ಜೆ ನಡೆದು ತಿರುಗಿ ನಿಂತರು. "ಬರೆಯೋದಾದ್ರೆ ಇದೊಂದು ಬರ್ಕಳ್ರಿ. ಅಲ್ಲಿದ್ದಷ್ಟು ವರ್ಷ ಎಷ್ಟೋ ಜನರ ಕೈ ಹಿಡ್ಕಂಡು ಒಳಾಕೆ ಕರ್ಕಂಡ್ ಹೋಗೀನಿ. ಯಾರನ್ನೂ ಎಳ್ಕಂಡು ಹೋಗಿಲ್ಲ."