ಹನ್ನೆರಡು ಜನರ ಬಳಗ

ಭದ್ರಾವತಿಯ ನ್ಯೂ ಟೌನಿನಲ್ಲಿ ಜಗದಾಂಬಾ ಇಪ್ಪತ್ತಾರು ವರ್ಷ ವಚನ ಹಾಡುವ ಬಳಗ ನಡೆಸಿದವರು. ಗಂಡ ಶಿವಯೋಗಪ್ಪನವರಿಗೆ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ. ಸೋಮವಾರ ಸಂಜೆ ಅವರ ಕ್ವಾರ್ಟರ್ಸಿನ ನಡುಮನೆಯಲ್ಲಿ ಹನ್ನೆರಡು ಹೆಂಗಸರು ಜಮಖಾನೆ ಹಾಸಿ ಕೂರುತ್ತಿದ್ದರು. ಜಗದಾಂಬಾ ಹಾರ್ಮೋನಿಯಂ ಹಿಡಿದರೆ ಅಕ್ಕಪಕ್ಕದವರು ಟಿವಿಯ ದನಿ ಸಣ್ಣದು ಮಾಡುತ್ತಿದ್ದರು.

ಹನ್ನೆರಡೆಂದರೆ ಹನ್ನೆರಡೇ. ಹೊಸಬರನ್ನು ಸೇರಿಸುತ್ತಿರಲಿಲ್ಲ, ಹೊಸ ರಾಗ ಹಾಕುತ್ತಿರಲಿಲ್ಲ, ಬೇರೆ ಊರಿನ ಬಳಗದವರು ಕರೆದರೂ ಹೋಗುತ್ತಿರಲಿಲ್ಲ. ಹಿಂದಿನ ಸಾಲಿನ ಕ್ವಾರ್ಟರ್ಸಿನ ಸೆಲ್ವಿ ಒಂದು ಸಂಜೆ ಬಾಗಿಲಿಗೆ ಬಂದಳು. ಅವಳ ಗಂಡನೂ ಅದೇ ಕಾರ್ಖಾನೆಯವನು, ಮನೆಮಾತು ತಮಿಳು.

"ಅಕ್ಕಾ, ನಾನೂ ಬರ್ಲಾ? ಹಿಂದೆ ಕೂತ್ಕೋತೀನಿ."

"ಜಾಗ ಎಲ್ಲಿದೆ ಮಾರಾಯ್ತಿ? ಹೊಸ ದನಿ ಸೇರಿದ್ರೆ ಶ್ರುತಿ ಕೆಡುತ್ತೆ."

"ಒಂದ್ಸಲ ಹಾಡಿ ತೋರಿಸ್ಲಾ?"

"ಬೇಡ" ಎಂದು ಜಗದಾಂಬಾ ಒಳಗೆ ಹೋದರು. ಬಳಗದಲ್ಲಿ ಅವರ ಪಕ್ಕ ಕೂರುತ್ತಿದ್ದ ಪುಷ್ಪಮ್ಮ "ಪಾಪ, ಕೇಳಬಹುದಿತ್ತು" ಎಂದದ್ದಕ್ಕೆ ಎರಡು ವಾರ ಅವರೊಂದಿಗೆ ಮಾತು ಬಿಟ್ಟರು.

ಆಮೇಲೆ ಒಬ್ಬೊಬ್ಬರ ಗಂಡಂದಿರು ನಿವೃತ್ತರಾದರು. ಕ್ವಾರ್ಟರ್ಸ್ ಬಿಟ್ಟು ದಾವಣಗೆರೆ, ತರೀಕೆರೆ, ಚನ್ನಗಿರಿ ಎಂದು ಚದುರಿದರು. ಇಬ್ಬರು ತೀರಿಕೊಂಡರು. ಹನ್ನೆರಡು ಏಳಾಯಿತು, ಏಳು ನಾಲ್ಕಾಯಿತು. ಕೊನೆಗೆ ಉಳಿದವರು ಜಗದಾಂಬಾ ಮತ್ತು ಪುಷ್ಪಮ್ಮ. ಪುಷ್ಪಮ್ಮ ಮಂಡಿನೋವೆಂದು ಬಾರದ ಸೋಮವಾರ ಜಗದಾಂಬಾ ಒಬ್ಬರೇ ಜಮಖಾನೆ ಹಾಸಿದರು, ಸ್ವಲ್ಪ ಹೊತ್ತು ಕೂತರು, ಹಾಡದೆಯೇ ಮಡಚಿಟ್ಟರು.

ಗಂಡ ಹೋದ ಮೇಲೆ ಶಿವಮೊಗ್ಗದ ವಿನೋಬನಗರದಲ್ಲಿರುವ ಮಗಳು ಸಂಧ್ಯಾಳ ಮನೆಗೆ ಬಂದರು. ಈಚೆಗೊಂದು ದಿನ ಮೊಮ್ಮಗಳು ಅಕ್ಷಯಾ ಕಾಲೇಜಿನ ಸೆಮಿನಾರಿಗೆ ತಯಾರಾಗುತ್ತ ಅಜ್ಜಿಯನ್ನೇ ಎದುರಿಗೆ ಕೂರಿಸಿಕೊಂಡಳು.

"ನೋಡಜ್ಜಿ, ಫ್ಲಾಸ್ಕಿಗೆ ಬಿಸಿನೀರು ಹಾಕಿ ಮುಚ್ಚಳ ಬಿಗಿದ್ರೆ ಹೊರಗಿಂದ ಏನೂ ಒಳಗೆ ಬರಲ್ಲ, ಒಳಗಿಂದ ಏನೂ ಹೊರಗೆ ಹೋಗಲ್ಲ. ಅದು ಮುಚ್ಚಿದ ವ್ಯವಸ್ಥೆ ಅಂದ್ಕೋ. ಒಲೆ ಹಾಗಲ್ಲ. ಸೌದೆ, ಗಾಳಿ ಒಳಗೆ ಹೋಗುತ್ತೆ. ಶಾಖ, ಹೊಗೆ, ಬೂದಿ ಹೊರಗೆ ಬರುತ್ತೆ. ಅದು ತೆರೆದ ವ್ಯವಸ್ಥೆ."

"ಫ್ಲಾಸ್ಕೇ ವಾಸಿ ಅಲ್ವೇನೇ? ಬಿಸಿ ಉಳಿಯುತ್ತೆ."

"ಎಷ್ಟು ಹೊತ್ತು? ಪೂರ್ತಿ ಮುಚ್ಚೋಕೆ ಯಾವುದರಿಂದ್ಲೂ ಆಗಲ್ಲ. ಆದ್ರೆ ಮುಚ್ಕೊಂಡಷ್ಟೂ ತನ್ನಲ್ಲಿ ಇರೋದ್ರಲ್ಲೇ ಬದುಕಬೇಕು. ಅದು ಮುಗಿದ್ರೆ ಮುಗೀತು."

"ಎಲ್ಲಾನೂ ಒಳಗೆ ಬಿಟ್ಕೊಂಡ್ರೆ ತನ್ನತನ ಉಳಿಯುತ್ತಾ?"

"ತೆರೆದದ್ದಕ್ಕೂ ಗಡಿ ಇರುತ್ತೆ ಅಜ್ಜಿ. ಗಡಿಯಲ್ಲೊಂದು ಬಾಗಿಲಿರುತ್ತೆ ಅಷ್ಟೆ. ನೀನು ದಿನಾ ಊಟ ಮಾಡ್ತೀಯ, ಉಸಿರಾಡ್ತೀಯ. ಆದ್ರೂ ನೀನು ನೀನೇ ತಾನೆ?"

ಜಗದಾಂಬಾ ಮಾರನೆಯ ದಿನವೇ ಪುಷ್ಪಮ್ಮನಿಗೆ ಫೋನ್ ಮಾಡಿ ಸೆಲ್ವಿಯ ವಿಳಾಸ ತೆಗೆದುಕೊಂಡು ಭದ್ರಾವತಿಯ ಬಸ್ಸು ಹತ್ತಿದರು. ಸೆಲ್ವಿ ಈಗ ಊರ ಅಂಚಿನಲ್ಲಿ ಸ್ವಂತ ಮನೆ ಕಟ್ಟಿಕೊಂಡಿದ್ದಳು. ನೋಡಿದೊಡನೆ ಗುರುತು ಹಿಡಿದು ಕುರ್ಚಿ ಎಳೆದಳು.

"ಅವತ್ತು ನಿನ್ನ ಹಾಡು ಕೇಳ್ಬೇಕಿತ್ತು ಸೆಲ್ವಿ. ತಪ್ಪು ಮಾಡಿದೆ" ಎಂದರು ಜಗದಾಂಬಾ. "ಈಗ ಒಂದು ಹಾಡ್ತೀಯಾ?"

ಸೆಲ್ವಿ ಕತ್ತಿನ ಮೇಲಿನ ಹೊಲಿಗೆಯ ಗೆರೆ ಮುಟ್ಟಿಕೊಂಡಳು. ದನಿ ಗೊಗ್ಗರಾಗಿತ್ತು. "ಥೈರಾಯ್ಡ್ ಆಪರೇಷನ್ ಆಗಿ ನಾಲ್ಕು ವರ್ಷ ಆಯ್ತಕ್ಕಾ. ದನಿ ಮೇಲಕ್ಕೆ ಹೋಗಲ್ಲ."

"ಮುಂಚೆ ಹಾಡ್ತಿದ್ದೆಯಾ?"

"ನಿಮ್ಮ ಹಾಡೆಲ್ಲ ಬರ್ತಿತ್ತು. ಸೋಮವಾರ ನಮ್ಮನೆ ಹಿಂಬಾಗಿಲಲ್ಲಿ ಪಾತ್ರೆ ತೊಳೀತಾ ಕೇಳಿ ಕೇಳಿ ಕಲ್ತೆ. ಮಗಳಿಗೆ ಹೇಳ್ಕೊಡೋಣ ಅಂದ್ರೆ, 'ನಿನ್ನನ್ನೇ ಸೇರಿಸ್ಕೊಳ್ಳಲಿಲ್ಲ, ನನಗ್ಯಾಕಮ್ಮ' ಅಂದ್ಲು."

ಸೆಲ್ವಿ ಎರಡು ಬಿರುಸು ಮಾತಾಡಿದ್ದರೆ ಜಗದಾಂಬಾರಿಗೆ ಹಗುರಾಗುತ್ತಿತ್ತೇನೋ. ಅವಳು ಬಸ್ ನಿಲ್ದಾಣದವರೆಗೂ ಜೊತೆಗೆ ಬಂದು, ಮೊದಲು ತಾನೇ ಹತ್ತಿ, ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟಳು. ಬಸ್ಸು ಹೊರಡುವವರೆಗೂ ಕೆಳಗೇ ನಿಂತಿದ್ದಳು. ಜಗದಾಂಬಾ ಕೈ ಬೀಸಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತರು.