ಕಿವಿ ಮಾತ್ರ ಕಾಣುತ್ತಿದ್ದ ಮೇಸ್ತ್ರಿ

ನನ್ನ ಮೊಬೈಲಿನಲ್ಲಿ ಮೇಸ್ತ್ರಿ ರಾಮಾಂಜಿನಪ್ಪನವರ ಫೋಟೋಗಳು ರಾಶಿ ಬಿದ್ದಿವೆ. ಒಂದರಲ್ಲೂ ಅವರ ಮುಖವಿಲ್ಲ. ಚಿತ್ರದ ಅಂಚಿನಲ್ಲಿ ಒಂದು ಕಿವಿ, ಅದರ ಮೇಲೆ ಸಿಕ್ಕಿಸಿಕೊಂಡ ಅರ್ಧ ಬೀಡಿ, ಕಿವಿಯೊಳಗಿಂದ ಇಣುಕುವ ನಾಲ್ಕು ಬಿಳಿ ಕೂದಲು, ಅಷ್ಟೇ. ಉಳಿದ ಜಾಗದ ತುಂಬ ತಲೆಗೆ ಟವೆಲು ಸುತ್ತಿಕೊಂಡು ನಗುತ್ತಿರುವ ಹೆಂಗಸರು. ತಿರುಮಣಿಯ ಹತ್ತಿರದ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್‌ಗಳ ದೂಳು ತೊಳೆಯುವ ತಂಡದ ಹಾಜರಿ ಫೋಟೋ ಅದು. ದಿನಾ ಬೆಳಿಗ್ಗೆ ಮೇಸ್ತ್ರಿ ಸೆಲ್ಫಿ ತೆಗೆದು ಕಳಿಸಬೇಕು, ಆಫೀಸಿನಲ್ಲಿ ಕೂತ ನಾನು ಅದನ್ನು ನೋಡಿ ಹಾಜರಿ ಹಾಕಬೇಕು.

ಐ.ಡಿ.ಹಳ್ಳಿಯಿಂದ ಬಂದ ನನಗೆ ಆ ಪಾರ್ಕಿನಲ್ಲಿ ಮೊದಲು ಪರಿಚಯವಾದದ್ದು ಅವರ ಮುಖವಲ್ಲ, ದನಿ. ಆಫೀಸಿನ ಕಿಟಕಿ ಮುಚ್ಚಿದ್ದರೂ ಕೇಳುತ್ತಿತ್ತು. ಯಾರಾದರೂ ಪೈಪು ಬಿಟ್ಟು ಮಾತಿಗೆ ನಿಂತರೆ ಸಾಕು, "ನೀರು ಯಾವೋನ್ ತಂದಾಕ್ತಾನೆ?" ಎಂದು ಗುಡುಗುತ್ತಿದ್ದರು. ಪೈಪು ನಿಂತ ಕೂಡಲೇ ಸಿಟ್ಟೂ ನಿಲ್ಲುತ್ತಿತ್ತು. "ಟೀ ಕುಡಿದ್ರೇನಮ್ಮ ಎಲ್ಲಾರೂ?" ಎಂಬುದು ಅದರ ಮುಂದಿನ ವಾಕ್ಯ. ಅವರ ಹೊಲವೂ ಗುತ್ತಿಗೆಗೆ ಹೋಗಿ ಆ ಪ್ಯಾನೆಲ್‌ಗಳ ಕೆಳಗೇ ಇತ್ತು. "ಮೊದ್ಲು ಕಡ್ಲೇಕಾಯಿ ಹೊಲ್ದಾಗೆ ಕಳೆ ಕೀಳ್ತಿದ್ದೆ. ಈಗ ಅದೇ ಹೊಲದ ತಾರಸಿ ತೊಳಿತೀನಿ," ಎಂದು ನಗುತ್ತಿದ್ದರು.

ಇಂಥ ಕಡೆಗೆ ಹೊಸ ಮ್ಯಾನೇಜರ್ ಕಾರ್ತಿಕ್ ಬಂದರು. ಒಳ್ಳೆಯ ಹುಡುಗ, ಆದರೆ ಆಳು ನಡೆಸುವ ವಿದ್ಯೆಯನ್ನೆಲ್ಲ ಮೊಬೈಲಿನ ವಿಡಿಯೋ ನೋಡಿ ಕಲಿತಿದ್ದ ಹಾಗಿತ್ತು. ಬಂದ ವಾರದಲ್ಲೇ ಒಂದು ವಾಟ್ಸಾಪ್ ಗ್ರೂಪ್ ಶುರುವಾಯಿತು. ಸರ್ ಅನ್ನಬಾರದು, ಹೆಸರು ಹಿಡಿದು ಕರೆಯಬೇಕು. ಯಾರೂ ಕೂಗಬಾರದು, ಹೇಳುವುದನ್ನು ಗ್ರೂಪಿನಲ್ಲಿ ಹೇಳಬೇಕು. ಬೆಳಗಾದರೆ ಸಿಂಹದ ಚಿತ್ರದ ಜೊತೆ ನಾಯಕತ್ವದ ಬಗ್ಗೆ ಒಂದು ಸುಭಾಷಿತ ಬರುತ್ತಿತ್ತು. ರಾಮಾಂಜಿನಪ್ಪನವರು ನನ್ನ ಮೇಜಿನ ಹತ್ತಿರ ಬಂದು ಗಂಭೀರವಾಗಿ ಕೇಳಿದರು: "ಈ ಸಿಂಹ ಎಷ್ಟು ಪ್ಯಾನೆಲ್ಲು ತೊಳ್ದೈತಂತಮ್ಮ?"

ಕೂಗುವಂತಿಲ್ಲ ಎಂದ ಮೇಲೆ ಮೇಸ್ತ್ರಿಗೆ ಬಾಯಿ ಕಟ್ಟಿದಂತಾಯಿತು. ಆಗ ದಾರಿ ತೋರಿಸಿದವಳು ಅವರ ತಂಡದ ನಾಗವೇಣಿ. ಆ ಹೆಂಗಸರಲ್ಲಿ ಸ್ವಂತ ಫೋನು ಇದ್ದದ್ದು ಅವಳೊಬ್ಬಳಿಗೇ. ಮೇಸ್ತ್ರಿ ಕಣ್ಣು ಕೆಂಪಗೆ ಮಾಡಿಕೊಂಡಿದ್ದಾಗ ಕದ್ದು ಫೋಟೋ ಹೊಡೆದು, ಕೆಳಗೆ "ನೀರು ಯಾವೋನ್ ತಂದಾಕ್ತಾನೆ?" ಎಂದು ಬರೆದು ಸ್ಟಿಕ್ಕರ್ ಮಾಡಿದ್ದಳು. ಗೆಳತಿಯರಿಗೆ ತೋರಿಸಲು ಹೋಗಿ ಗ್ರೂಪಿಗೇ ಕಳಿಸಿಬಿಟ್ಟಳು. ಇವತ್ತು ಇವಳ ಕಥೆ ಮುಗಿಯಿತು ಎಂದುಕೊಂಡೆವು. ಮೇಸ್ತ್ರಿ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಇದ್ನ ನನ್ ಫೋನ್ಗೂ ಹಾಕ್ಕೊಡಮ್ಮಿ. ಗಂಟ್ಲಾದ್ರೂ ಉಳಿತೈತೆ," ಎಂದರು.

ಮರುದಿನದಿಂದ ನಾಗವೇಣಿಯ ಫೋನಿಗೆ ಸ್ಟಿಕ್ಕರ್ ಸುರಿಮಳೆ; ಅವಳು ಅದನ್ನು ಬೈಸಿಕೊಂಡವರಿಗೆ ತೋರಿಸಬೇಕು. ಒಂದು ಸಾಲದೆ ತಡವಾಗಿ ಬಂದವರಿಗೆ ಬೇರೆ, ಮಾಪು ಕಳೆದವರಿಗೆ ಬೇರೆ ಬೇಕೆಂದು ಮೇಸ್ತ್ರಿ ಕೇಳಿದರು. ನನ್ನ ಆಫೀಸಿನಲ್ಲೇ ಸೊಂಟದ ಮೇಲೆ ಕೈಯಿಟ್ಟು, ಹುಬ್ಬು ಗಂಟಿಕ್ಕಿ ನಿಂತು, "ಸಿಟ್ಟು ಸರಿಯಾಗ್ ಬಂತಾ ನೋಡಮ್ಮ," ಎಂದು ಪೋಸು ಕೊಟ್ಟರು. ಒಮ್ಮೆಯಂತೂ ಕಾರ್ತಿಕ್ ತಾವೇ ಕೈತೊಳೆಯುವ ನಲ್ಲಿ ಬಿಟ್ಟು ಹೋಗಿದ್ದಕ್ಕೆ ಅವರಿಗೂ ಒಂದು ಕಳಿಸಿದರು. ಅವರು ನಕ್ಕು ಹೆಬ್ಬೆರಳಿನ ಚಿತ್ರ ಕಳಿಸಿದರು. ಮೇಸ್ತ್ರಿ ಎರಡು ದಿನ ಎದೆಯುಬ್ಬಿಸಿ ತಿರುಗಿದರು.

ಆದರೆ ಹಾಜರಿಗೆ ಮುಖ ಗುರುತಿಸುವ ಆ್ಯಪ್ ಬಂದಾಗ ಮಾತ್ರ ಅವರು ಸೋತರು. ಕಿವಿಯನ್ನು ಮನುಷ್ಯ ಎಂದು ಒಪ್ಪಲು ಅದು ತಯಾರಿರಲಿಲ್ಲ. ದಿನಾ ಅವರು ಗೈರುಹಾಜರು, ದಿನಾ ನಾನು ಕೈಯಿಂದ ತಿದ್ದುವುದು. ರೇಗಿ ಕೇಳಿದೆ, "ಸ್ವಲ್ಪ ಒಳಗೆ ಸರಿದು ನಿಲ್ಲೋಕೆ ಏನಣ್ಣ ಕಷ್ಟ?"

"ನನ್ ಮೊಕ ಎಲ್ಲಾರ್ಗೂ ಗೊತ್ತೈತೆ ಕಣಮ್ಮ. ಹಿಂದ್ಗಡೆ ತುದೀಲಿ ನಿಂತಿರೋ ಲಕ್ಷ್ಮಕ್ಕಂದು ನಿಮ್ ಮಿಷನ್ಗೆ ಗೊತ್ತಾ? ನಾನು ಒಳಿಕ್ ಬಂದ್ರೆ ಆವಮ್ಮ ಆಚಿಕ್ ಹೋಗ್ಬುಡ್ತಾಳೆ. ಆಮೇಲೆ ಕೂಲಿ ಯಾರ್ ಕೊಡ್ತಾರೆ?"

ಅವತ್ತಿನಿಂದ ನಾನು ಬೆಳಿಗ್ಗೆ ಬಂದ ಕೂಡಲೇ ತಿದ್ದಿಬಿಡುತ್ತಿದ್ದೆ.

ಆಮೇಲೆ ಪ್ಯಾನೆಲ್ ಒರೆಸುವ ಯಂತ್ರಗಳು ಬಂದವು. ಎರಡು ತಂಡ ಸೇರಿಸಿ ಒಂದು ಮಾಡಬೇಕು, ಒಬ್ಬ ಮೇಸ್ತ್ರಿ ಸಾಕು ಎಂದಾಯಿತು. ಇನ್ನೊಂದು ತಂಡದ ಮೇಸ್ತ್ರಿ ಬುಕ್ಕಾಪಟ್ಟಣದ ಸುರೇಶ. ಪ್ಯಾನೆಲ್ ಸಾಲುಗಳ ನಡುವೆ ಕುಣಿದು ರೀಲ್ಸ್ ಹಾಕುತ್ತಿದ್ದ ಹುಡುಗ, ಊರೂರಲ್ಲಿ ಗುರುತು. ಯಾರನ್ನು ಇಟ್ಟುಕೊಳ್ಳಬೇಕೆಂದು ತಾವೇ ಹೇಳಲು ಕಾರ್ತಿಕ್‌ಗೆ ಮನಸ್ಸು ಬರಲಿಲ್ಲವೋ ಏನೋ, ಕೆಲಸ ಮಾಡುವವರೇ ಆರಿಸಲಿ ಎಂದು ಗ್ರೂಪಿನಲ್ಲಿ ಎರಡೂ ಹೆಸರು ಹಾಕಿ ಪೋಲ್ ಇಟ್ಟರು. ರಾಮಾಂಜಿನಪ್ಪನವರ ತಂಡದಲ್ಲೇ ಜನ ಹೆಚ್ಚು. ಗೆಲುವು ಖಾತ್ರಿ ಎಂದು ನಾಗವೇಣಿ ಮಂಡಕ್ಕಿ ಖಾರ ತಂದು ಇಟ್ಟುಕೊಂಡಿದ್ದಳು.

ಸುರೇಶ ಗೆದ್ದ. ಅದೂ ಭಾರಿ ಅಂತರದಲ್ಲಿ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಗವೇಣಿಯನ್ನು ಬಿಟ್ಟು ಯಾರೂ ಓಟು ಹಾಕಿಯೇ ಇರಲಿಲ್ಲ! ಗ್ರೂಪಿಗೆ ಅವರು ಕೊಟ್ಟಿದ್ದು ಮನೆಯ ನಂಬರು. ಆ ಫೋನುಗಳು ಇದ್ದದ್ದು ಗಂಡಂದಿರ, ಗಂಡುಮಕ್ಕಳ ಜೇಬಿನಲ್ಲಿ. ಮಧುಗಿರಿ ಬಸ್ಸಿನಲ್ಲೋ ಕೊರಟಗೆರೆಯ ಹೋಟೆಲಿನಲ್ಲೋ ಕೂತಿದ್ದ ಅವರು ರೀಲ್ಸಿನ ಸುರೇಶನ ಹೆಸರು ಕಂಡದ್ದೇ ಒತ್ತಿಬಿಟ್ಟಿದ್ದರು. "ಮನೇಗ್ ಬರ್ಲಿ, ಐತೆ ನನ್ ಗಂಡುಂಗೆ," ಎಂದು ಲಕ್ಷ್ಮಕ್ಕ ಸೆರಗು ಸಿಕ್ಕಿಸಿದಳು.

ನಾನು ಕಾರ್ತಿಕ್ ಹತ್ತಿರ ಹೋಗಿ ಇನ್ನೊಮ್ಮೆ ನಡೆಸಿ ಎಂದೆ. ಅಷ್ಟರಲ್ಲಿ ಅವರು ಸುರೇಶನಿಗೆ ಅಭಿನಂದನೆ ಹಾಕಿ, ಫಲಿತಾಂಶವನ್ನು ಮೇಲಿನವರಿಗೂ ಕಳಿಸಿ ಆಗಿತ್ತು. ಹಾಜರಿಯ ಪಟ್ಟಿಯಲ್ಲೂ ರಾಮಾಂಜಿನಪ್ಪ ಬಹಳ ದಿನ ಬಂದೇ ಇಲ್ಲವಲ್ಲ ಎಂದರು. ನಾನು ತಿದ್ದಿದ್ದು ಮೇಲಿನವರ ಪರದೆಯವರೆಗೆ ಹೋಗುತ್ತಲೇ ಇರಲಿಲ್ಲವಂತೆ. ನನಗೆ ಅಳು ಬಂತು. ಬೇಜಾರಾದಾಗ ಮೇಸ್ತ್ರಿಯ ಮಾತು ತೆಲುಗಿಗೆ ಹೊರಳುತ್ತಿತ್ತು. "ಪರ್ವಾಲೇದುಲೇಮ್ಮ," ಎಂದು ಅವರೇ ನನಗೆ ಸಮಾಧಾನ ಹೇಳಿದರು. "ಓಟು ಅಂದ್ಮೇಲೆ ಓಟೇ. ಆದ್ರೆ ಆ ಗಂಡಸ್ರನ್ನ ನಾನ್ ಒಂದಿನಾನೂ ಬೈದಿಲ್ಲ ನೋಡು, ಅದ್ಕೇ ನನ್ ಬೆಲೆ ಗೊತ್ತಾಗ್ಲಿಲ್ಲ." ಮಂಡಕ್ಕಿಯನ್ನು ತಾವೇ ಎಲ್ಲರಿಗೂ ಹಂಚಿ, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟರು.

ಸುರೇಶನ ಮೊದಲ ಹಾಜರಿ ಫೋಟೋದಲ್ಲಿ ಅರ್ಧ ಭಾಗ ಸುರೇಶನ ನಗು. ಲಕ್ಷ್ಮಕ್ಕನ ಟವೆಲಿನ ತುದಿ ಮಾತ್ರ ಕಂಡಿತು. ಆ್ಯಪ್ ಅವಳನ್ನು ಗೈರುಹಾಜರು ಎಂದಿತು. ಎರಡನೆಯ ಸಲ ಹಾಗೇ ಆದಾಗ ಅವಳು ಪೈಪು ಬಿಸಾಡಿ ಅವನ ಮುಂದೆ ಹೋಗಿ ನಿಂತದ್ದನ್ನು ಕಿಟಕಿಯಿಂದ ನೋಡಿದೆ. ಏನಂದಳೋ ಕೇಳಲಿಲ್ಲ. ಹುಡುಗ ತಲೆ ತಗ್ಗಿಸಿಕೊಂಡಿದ್ದ.

ರಾಮಾಂಜಿನಪ್ಪನವರನ್ನು ನಾನು ಕೊನೆಯ ಸಲ ನೋಡಿದ್ದು ಅದಾಗಿ ಕೆಲವು ದಿನಕ್ಕೆ, ತಿರುಮಣಿಯ ಬಸ್ ನಿಲ್ಲುವ ಕಡೆ, ಟೀ ಅಂಗಡಿಯ ಬೆಂಚಿನ ಮೇಲೆ. ಕುರಿ ಕಟ್ಟಿದ್ದೇನೆ ಎಂದರು. "ಅವುಕ್ಕೆ ಗ್ರೂಪೂ ಇಲ್ಲ, ಓಟೂ ಇಲ್ಲ. ಕೂಗಿದ್ರೆ ಬತ್ತವೆ." ನಾನು ಆ ಬೆಳಗಿನ ಹಾಜರಿ ಫೋಟೋ ತೆಗೆದು ತೋರಿಸಿದೆ. ಎರಡು ಬೆರಳಿಂದ ಹಿಗ್ಗಿಸಿ ಒಬ್ಬೊಬ್ಬರನ್ನೇ ನೋಡಿದರು. ಲಕ್ಷ್ಮಕ್ಕ ಪೂರ್ತಿಯಾಗಿ ಇದ್ದಳು, ನಗುತ್ತಿದ್ದಳು. ಬೆರಳು ಅಂಚಿಗೆ ಬಂದು ನಿಂತಿತು. ಅಲ್ಲಿ ಒಂದು ಕಿವಿ ಮಾತ್ರ ಇತ್ತು.

"ಇದ್ಯಾರ್ದಮ್ಮ?"

"ಸುರೇಶಂದು."

ಅವರು ಆ ಕಿವಿಯನ್ನು ಇನ್ನಷ್ಟು ಹಿಗ್ಗಿಸಿ ನೋಡಿದರು. ಬಸ್ಸು ಬಂತು, ನಾನು ಫೋನು ಇಸಕೊಂಡು ಎದ್ದೆ. ನಾನು ಹತ್ತಿ ಕೂತ ಮೇಲೆ ಅವರು ಕಿಟಕಿಯ ಹತ್ತಿರ ಬಂದು ಹಳೆಯ ದನಿಯಲ್ಲೇ ಕೂಗಿದರು:

"ಹುಡ್ಗ ಪರ್ವಾಗಿಲ್ಲ ಅಂತ ಹೇಳು. ಆದ್ರೆ ಕಿವೀಗ್ ತುರುಕ್ಕೊಂಡವ್ನಲ್ಲ ಬಿಳೀದು, ಹಾಡು ಕೇಳೋದು, ಅದ್ನ ಮೊದ್ಲು ಕಿತ್ತಾಕಕ್ಕೇಳು. ಹೆಣ್ಮಕ್ಳು ಕರುದ್ರೆ ಕೇಳ್ಸಬ್ಯಾಡ್ವೇನು?"