ಎಂಜೈಮಿನ ಪೆಟ್ಟಿಗೆಗೆ ನಾನು ಹಾಕಿದ ಉಪ್ಪು

ಮೊಮ್ಮಗಳ ಫೋನು ಬಂದು ಮೂರು ದಿನವಾಯಿತು. ಮೂರು ದಿನದಿಂದ ನಾನು ಒಂದು ಕಡೆ ಕೂತವಳಲ್ಲ. ಅಂಗಳಕ್ಕೆ ಹೋಗುತ್ತೇನೆ, ಯಾಕೆ ಬಂದೆ ಎಂದು ಮರೆತು ಒಳಗೆ ಬರುತ್ತೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಬರೆಯುವುದು ಸಲೀಸಲ್ಲ. ಆದರೆ ಕೇಳಿ ಕೇಳಿ ನೆರೆಕರೆಯವರಿಗೆಲ್ಲ ಸಾಕಾಗಿದೆ, ಹೇಳಿ ಹೇಳಿ ನನಗೆ ಸಾಕಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊಮ್ಮಗಳು ಅಂದರೆ ನನ್ನ ಮಗಳ ಮಗಳು. ಎಂಜೈಮ್ ತಿದ್ದುವ ಕೆಲಸ ಅವಳದ್ದು. ನಮ್ಮ ಮೈಯ ಒಂದೊಂದು ಸೆಲ್ಲಿನೊಳಗೂ ನಾಲ್ಕೇ ಅಕ್ಷರಗಳ ಉದ್ದನೆಯ ಬರಹ ಇದೆಯಂತೆ. ಅದರಲ್ಲಿ ಒಂದು ಅಕ್ಷರ ತಪ್ಪಿದರೂ ಕೆಲವರಿಗೆ ಹುಟ್ಟಿನಿಂದಲೇ ರಕ್ತದ ಕಾಯಿಲೆ. ಅದನ್ನು ಸರಿಪಡಿಸಲು ಮೊದಲಿದ್ದ ಎಂಜೈಮು ಆ ಜಾಗದಲ್ಲಿ ಬರಹದ ಎಳೆಯನ್ನೇ ತುಂಡು ಮಾಡುತ್ತಿತ್ತು, ಸೆಲ್ಲು ಹೇಗೋ ಅದನ್ನು ಜೋಡಿಸಿಕೊಳ್ಳುತ್ತಿತ್ತು, ಜೋಡಿಸುವಾಗ ಎಡವುತ್ತಿತ್ತು. ಆಮೇಲೆ ತುಂಡು ಮಾಡದೆ ಅಕ್ಷರ ಬದಲಿಸುವ ಎಂಜೈಮು ಬಂತು. ಅದಕ್ಕೆ ಬೇರೆ ಚಾಳಿ: ಪಕ್ಕದ ಅಕ್ಷರವನ್ನೂ ಬದಲಿಸಿಬಿಡುತ್ತಿತ್ತು. ಆ ಚಾಳಿ ಬಿಡಿಸುವುದಕ್ಕೆ ಇವಳು ಎರಡು ವರ್ಷ ಅದನ್ನು ಅಲ್ಲಿ ಚೂರು, ಇಲ್ಲಿ ಚೂರು ಬದಲಿಸುತ್ತಾ ಕೂತಿದ್ದಳು.

ನನಗೆ ಇದು ಕೂಡಲೇ ಅರ್ಥವಾಯಿತು. ಮೀನಿನ ಹೊಟ್ಟೆ ಬಿಡಿಸುವಾಗ ಪಿತ್ತದ ಚೀಲ ಒಂದನ್ನೇ ತೆಗೆಯಬೇಕು. ಕತ್ತಿ ಒಂದು ಕೂದಲೆಳೆ ಜಾರಿದರೂ ಇಡೀ ಮೀನು ಕಹಿ. ಹಾಗೆಂದು ನಾನು ಹೇಳಿದಾಗ, "ಅಮ್ಮಮ್ಮ, ನಮ್ ಲ್ಯಾಬಲ್ಲ್ ಇಷ್ಟ್ ಲಾಯ್ಕ್ ಮಾಡಿ ಯಾರೂ ಹೇಳಿಲ್ಲ" ಅಂದಿದ್ದಳು.

ಕಳೆದ ತಿಂಗಳು ಅವಳು ಆ ಹೊಸ ಎಂಜೈಮನ್ನು ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಐಸ್ ಹಾಕಿಕೊಂಡು ರೈಲಿನಲ್ಲಿ ಹೊರಟಿದ್ದಳು. ಬ್ರಹ್ಮಾವರದಿಂದಾಚೆ ಇರುವ ಒಂದು ಲ್ಯಾಬಿನಲ್ಲಿ ಮನುಷ್ಯರ ಸೆಲ್ಲುಗಳನ್ನು ಬೆಳೆಸಿ ಇಟ್ಟಿದ್ದರು. ಅವತ್ತು ಸಂಜೆಯೊಳಗೆ ಅವಕ್ಕೆ ಎಂಜೈಮ್ ಸೇರಬೇಕು. ತಡವಾದರೆ ಆ ಸೆಲ್ಲುಗಳು ಕೆಲಸಕ್ಕೆ ಬಾರವು. ಮುಂದೆ ಹಳಿಯ ಮೇಲೆ ಮರ ಬಿದ್ದಿತೆಂದು ರೈಲು ಬೈಂದೂರಿನಲ್ಲೇ ನಿಂತಿತು. ಎರಡು ಗಂಟೆ ಕಾದು, ಪೆಟ್ಟಿಗೆ ಎತ್ತಿಕೊಂಡು ಅವಳು ಅಲ್ಲೇ ಹತ್ತಿರದ ನಮ್ಮ ಮನೆಗೆ ಬಂದಳು.

"ಅಮ್ಮಮ್ಮ, ಐಸ್ ಪೂರ್ತಿ ನೀರಾಯಿ ಹೋಯ್ತ್. ಎಂತ ಮಾಡುದ್?"

"ಮೀನ್ ಮಾರುವವರ ಮನಿಗ್ ಬಂದ್ ಐಸಿಗೆ ಅಳುದಾ? ಕೂಕೋ. ಗಂಜಿ ಉಣ್ಣ್."

ನಲವತ್ತು ವರ್ಷ ಕುಂದಾಪುರದ ಮಾರುಕಟ್ಟೆಯಲ್ಲಿ ಮೀನು ಮಾರಿದವಳು ನಾನು. ಈಗ ನನ್ನ ಸೊಸೆ ಆ ವ್ಯಾಪಾರ ಮಾಡುತ್ತಾಳೆ. ಅವಳ ಪೆಟ್ಟಿಗೆಯಲ್ಲಿ ಪುಡಿ ಮಾಡಿದ ಐಸ್ ಇತ್ತು. ಮೊಮ್ಮಗಳು ಉಣ್ಣುತ್ತಾ ಲ್ಯಾಬಿನವರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ನಾನು ಅವಳ ಪೆಟ್ಟಿಗೆಯಲ್ಲಿದ್ದ ನೀರು ಚೆಲ್ಲಿದೆ. ಒಳಗೆ ಎರಡು ಪ್ಲಾಸ್ಟಿಕ್ ಕವರು, ಒಂದೊಂದರಲ್ಲಿ ಬೆರಳ ತುದಿಯಷ್ಟು ಎರಡೆರಡು ಕೊಳವೆ. ಎರಡು ವರ್ಷದ ಕೆಲಸ ಇಷ್ಟೇ ಇಷ್ಟು! ಮೀನಿಗೆ ಹಾಕಿದ ಹಾಗೆಯೇ ಒಂದು ಪದರ ಐಸ್, ಒಂದು ಕವರು, ಮತ್ತೆ ಐಸ್, ಮತ್ತೊಂದು ಕವರು. ದೂರ ಹೋಗುವ ಅಂಜಲ್ ಮೀನಿಗೆ ನಾನು ಮಾಡುತ್ತಿದ್ದಂತೆ ಅಡಿಯ ಪದರಕ್ಕೆ ಎರಡು ಹಿಡಿ ಕಲ್ಲುಪ್ಪು ಚೆನ್ನಾಗಿ ಬೆರೆಸಿದೆ. ಉಪ್ಪು ಬಿದ್ದರೆ ಐಸಿನ ತಂಪು ಕೈ ಮುಟ್ಟಲಾಗದಷ್ಟು ಏರುತ್ತದೆ. ನನ್ನ ಮೊಮ್ಮಗಳ ಮಾಲಿಗೆ ಕಡಿಮೆ ಮಾಡುವುದುಂಟೇ?

ಅವಳ ಜೊತೆ ನಾನೂ ಬಸ್ಸು ಹತ್ತಿದೆ. ಬೇಡ ಎಂದಳು, ಕೇಳಲಿಲ್ಲ. ಪೆಟ್ಟಿಗೆ ನನ್ನ ಮಡಿಲಲ್ಲಿ. ಕಂಡಕ್ಟರ್ ಟಿಕೆಟ್ ಹರಿಯುತ್ತಾ, "ಹ್ವಾಯ್ ಅಮ್ಮ, ಎಂತ, ಅಂಜಲಾ?" ಅಂದ.

"ಅಂಜಲ್ ಅಲ್ಲ ಮಾರಾಯ, ಎಂಜೈಮ್!"

"ಅದ್ ಯಾವ್ ಮೀನ್? ಸಾರಿಗ್ ಆತ್ತಾ, ಹುರಿಯುಕ್ ಆತ್ತಾ?"

ಬಸ್ಸಿಡೀ ನಕ್ಕಿತು. ನಾನೂ ನಕ್ಕೆ. ಮರವಂತೆ ದಾಟುವಾಗ, ಸಂತೋಷ ತಡೆಯಲಾರದೆ ನಾನೇ ಬಾಯಿ ಬಿಟ್ಟೆ. "ಹೆದರ್ಬೇಡ ಮಗಾ, ಸಂಜಿ ತನಕ ಕಲ್ಲಿನ್ ಹಾಂಗ್ ಇರತ್ತ್. ಉಪ್ಪ್ ಹಾಕಿದ್ದೆ."

ಅವಳು ಪೆಟ್ಟಿಗೆಯನ್ನು ನನ್ನ ಮಡಿಲಿಂದ ಕಿತ್ತುಕೊಂಡಳು.

"ಉಪ್ಪಾ? ಅಮ್ಮಮ್ಮ, ಅದ್ ತಣ್ಣಗಿರ್ಕ್, ಗಟ್ಟಿ ಆಪುಕಾಗ! ಗಟ್ಟಿ ಆರೆ ಎಂಜೈಮ್ ಸತ್ತೇ ಹೋತ್ತ್!"

"ನೀ ಹೇಳಿಲ್ಲ ಅಲ್ದಾ?"

"ನೀ ಐಸಿಗೆ ಉಪ್ಪ್ ಹಾಕ್ತೆ ಅಂತ ನಂಗೆಂತ ಗೊತ್ತಿತ್ತ್?"

ಎಂಜೈಮ್ ಅಂದರೆ ಮಡಚಿ ಮಡಚಿ ಇಟ್ಟ ದಾರದಂತೆ. ಹೆಪ್ಪುಗಟ್ಟುವಾಗ ಆ ಮಡಿಕೆ ಬಿಚ್ಚಿ, ಒಂದಕ್ಕೊಂದು ಅಂಟಿ ಹಾಳಾಗುತ್ತದಂತೆ. ಆಮೇಲೆ ಕರಗಿಸಿದರೂ ಪ್ರಯೋಜನವಿಲ್ಲ. ಬಸ್ಸಿನಲ್ಲೇ ಮುಚ್ಚಳ ತೆಗೆದಳು. ಅಡಿಯ ಕವರಿನ ಎರಡೂ ಕೊಳವೆಗಳು ಹೆಪ್ಪಾದ ತುಪ್ಪದಂತೆ ಬೆಳ್ಳಗಾಗಿದ್ದವು. ಮೇಲಿನ ಕವರಿನಲ್ಲಿದ್ದವು ಇನ್ನೂ ನೀರಾಗಿಯೇ ಇದ್ದವು. ಅವೆರಡನ್ನು ಕರವಸ್ತ್ರದಲ್ಲಿ ಸುತ್ತಿ ಐಸಿಗೆ ತಾಗದಂತೆ ಹಿಡಿದುಕೊಂಡಳು. ಕುಂದಾಪುರ ಬಂತು, ಹೋಯಿತು. ಬೇರೆ ಐಸ್ ತರಲು ಇಳಿದರೆ ಮುಂದಿನ ಬಸ್ಸಿಗೆ ಕಾಯಬೇಕು ಎಂದು ಇಳಿಯಲಿಲ್ಲ. ಅವಳು ಆ ಎರಡು ಕೊಳವೆಗಳನ್ನೇ ನೋಡುತ್ತಾ ಕೂತಳು. ಬೈದಿದ್ದರೆ ಚೆನ್ನಾಗಿತ್ತು. ಬಸ್ಸು ಪ್ರತಿ ನಿಲ್ದಾಣದಲ್ಲಿ ನಿಂತಾಗಲೂ "ಬೇಗ ಬಿಡ್ ಮಾರಾಯ" ಎಂದು ನಾನು ಕಂಡಕ್ಟರನನ್ನು ಕಾಡುತ್ತಿದ್ದೆ.

ಬ್ರಹ್ಮಾವರದಲ್ಲಿ ಇಳಿದವಳೇ ನಾನು ರಸ್ತೆ ಬದಿಯ ಮೀನಿನ ಅಂಗಡಿಗೆ ಓಡಿದೆ. ಈ ವಯಸ್ಸಿನಲ್ಲಿ ಓಡಿದೆ! ಪೆಟ್ಟಿಗೆಯಲ್ಲಿದ್ದ ಐಸನ್ನೆಲ್ಲ ಚರಂಡಿಗೆ ಸುರಿದು, ತೊಳೆದು, "ಬರೀ ಐಸ್ ಕೊಡಿ. ಉಪ್ಪ್ ಮುಟ್ಟಿದ್ದ್ ಬೇಡ" ಅಂದೆ. ಅಂಗಡಿಯ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಐಸ್ ತಿಂತ್ರಿಯಾ?" ಅಂದಳು. ದುಡ್ಡು ಕೊಟ್ಟು, ಹೊಸ ಐಸಿನಲ್ಲಿ ನಾಲ್ಕೂ ಕೊಳವೆ ಇಟ್ಟು ಹೊರಟೆವು.

ರಿಕ್ಷಾ ಹಿಡಿದು ಸಂಜೆಗೆ ಮೊದಲೇ ಲ್ಯಾಬು ಮುಟ್ಟಿದೆವು. ಬಾಗಿಲಲ್ಲಿ ಪೆಟ್ಟಿಗೆ ಒಳಗೆ ಹೋಯಿತು, ನಾನು ಹೊರಗೆ ಉಳಿದೆ. ಎರಡು ಕೊಳವೆ ಸಾಕಾಗುತ್ತದೆಯೇ, ಅವೂ ಬದುಕಿವೆಯೇ ಎಂದು ಸೆಲ್ಲುಗಳೇ ಹೇಳಬೇಕು, ಎಂಟು ದಿನ ಬೇಕು ಎಂದಳು ಮೊಮ್ಮಗಳು.

ಆ ಎಂಟು ದಿನ ನಾನು ಅಡುಗೆಗೆ ಉಪ್ಪು ಹಾಕಲೂ ಹೆದರಿದೆ. ಸೊಸೆಯೇ ಹಾಕುತ್ತಿದ್ದಳು. ಎಂಟು ಹತ್ತಾಯಿತು, ಹತ್ತು ಹದಿನೈದಾಯಿತು. ನಾನಾಗಿ ಫೋನು ಮಾಡಲು ಮುಖವಿಲ್ಲ. ಫೋನು ಗುಂಯ್ ಎಂದರೆ ಕೈಯಲ್ಲಿದ್ದುದನ್ನು ಬಿಟ್ಟು ಓಡುತ್ತಿದ್ದೆ. ಎತ್ತಿದರೆ ಗ್ಯಾಸಿನವರು.

ಮೂರು ದಿನದ ಹಿಂದೆ ಬೆಳಿಗ್ಗೆ ಅವಳೇ ವಿಡಿಯೋದಲ್ಲಿ ಬಂದಳು. ಕಂಪ್ಯೂಟರಿನ ಪರದೆ ತೋರಿಸಿದಳು. ಮೇಲೆ ಮೊದಲಿನದು, ಕೆಳಗೆ ಈಗಿನದು, ಎರಡು ಸಾಲು ಬಣ್ಣ ಬಣ್ಣದ ಗುಡ್ಡಗಳು. ಒಂದೊಂದು ಗುಡ್ಡವೂ ಒಂದೊಂದು ಅಕ್ಷರ, ಬಣ್ಣ ಬದಲಾದರೆ ಅಕ್ಷರ ಬದಲಾದ ಹಾಗೆ.

"ಇಲ್ಲಿ ಕಾಣ್ ಅಮ್ಮಮ್ಮ. ಮೊದ್ಲ್ ಇಲ್ಲಿ ಹಸಿರ್ ಇದ್ದಿತ್ತ್. ಈಗ?"

"ಕಪ್ಪ್."

"ಪಕ್ಕದ್ದ್?"

ಕನ್ನಡಕ ಹಾಕಿ ಎರಡೂ ಸಾಲುಗಳನ್ನು ಒಂದೊಂದಾಗಿ ನೋಡಿದೆ. ಎಡಗಡೆಯ ಗುಡ್ಡ ಇದ್ದ ಹಾಗೇ. ಬಲಗಡೆಯದೂ ಇದ್ದ ಹಾಗೇ. "ಪಕ್ಕದ್ದ್ ಮುಟ್ಟಿಲ್ಲ!" ಎಂದು ಕಿರುಚಿದೆ. ಸೊಸೆ ಮೀನಿನ ಕೈಯಲ್ಲೇ ಓಡಿ ಬಂದಳು. ಮೊಮ್ಮಗಳು ಅಳುತ್ತಾ ನಗುತ್ತಿದ್ದಳು. ಹೆಪ್ಪುಗಟ್ಟಿದ ಎರಡು ಕೊಳವೆ ಏನೂ ಮಾಡಲಿಲ್ಲವಂತೆ, ಉಳಿದೆರಡು ಎಲ್ಲ ಮಾಡಿದವಂತೆ.

ಸ್ವಲ್ಪ ಹೊತ್ತಾದ ಮೇಲೆ ಕೇಳಿದೆ, "ಅಲ್ದಾ ಮಗಾ, ಆ ಸೆಲ್ಲ್ ಯಾರದ್ದ್?"

"ಒಬ್ರ್ ಹೆಂಗ್ಸಿಂದ್. ರಕ್ತ ಕೊಟ್ಟಿದ್ರ್. ಹೆಸ್ರ್ ನಮಗ್ ಹೇಳುದಿಲ್ಲ."

"ಅವ್ರಿಗ್ ಗೊತ್ತಿತ್ತಾ, ಅಕ್ಷರ ಸಮ ಆಯ್ತ್ ಅಂದೇಳಿ?"

"ಸಮ ಆದ್ದ್ ತಟ್ಟೆಯಲ್ಲಿಪ್ಪ್ ಸೆಲ್ಲಿಗೆ ಮಾತ್ರ ಅಮ್ಮಮ್ಮ. ಅವ್ರಿಗಲ್ಲ. ಅವ್ರ್ ತನಕ ಹೋಪುಕೆ ಇನ್ನೂ ಸುಮಾರ್ ವರ್ಷ."

"ವರ್ಷವಾ? ಇನ್ನೆಂತ ಬಾಕಿ?"

"ಇನ್ನ್ ಮೂರ್ ಸಲ ಮಾಡಿ ಕಾಣ್ಕ್. ಬೇರೆ ಕಡೆ ಎಲ್ಲಾದ್ರೂ ತಪ್ಪಿತ್ತಾ ಅಂತ ಪೂರ್ತಿ ಹುಡುಕ್ಕ್. ಆಮೇಲೆ—"

"ಹಾಂಗಾರೆ ನೀ ನನ್ ಹತ್ರ ಎಂತ ಮಾತಾಡ್ತಾ ಕೂಕಂಡಿದ್ದೆ? ಫೋನ್ ಇಡ್, ಹೋಗ್ ಮಾಡ್!" ಎಂದೆ.